ಐದು ತಿಂಗಳು ಗಾಡಿಯಲ್ಲೇ ವಾಸ: ಕರೆಂಟು, ಗ್ಯಾಸು, ತೂಕದ ಲೆಕ್ಕ

ಪ್ರಶ್ನೆ: "ಸರ, ನಾವು ಹುಬ್ಬಳ್ಳಿ ವಿದ್ಯಾನಗರದವರು. ಹೋದ ವರ್ಷ ರಿಟೈರ್ ಆದೆ. 12 ಸೀಟಿನ ಹಳೇ ಟೆಂಪೋ ಟ್ರಾವೆಲರ್ ಒಂದು ತಗೊಂಡೇವಿ. ದೀಪಾವಳಿ ಮುಗಿಸಿ ಗುಜರಾತ, ರಾಜಸ್ಥಾನ ಅಡ್ಡಾಡಿಕೊಂತ ಯುಗಾದಿ ಹೊತ್ತಿಗೆ ಊರಿಗೆ ಬರಬೇಕಂತ ವಿಚಾರ ಐತಿ. ನಾನು, ನಮ್ಮ ಮನಿಯವರು ಇಬ್ಬರ. ಅವರಿಗೆ ಶುಗರ್ ಐತಿ, ಇನ್ಸುಲಿನ್ ಇಡಾಕ ಫ್ರಿಜ್ ಬೇಕ ಬೇಕು. ಊಟಕ್ಕ ಇಬ್ಬರಿಗೂ ರೊಟ್ಟಿ ಆಗಬೇಕು. ಎಲೆಕ್ಟ್ರಿಶಿಯನ್ ಮನಿ ಇನ್ವರ್ಟರಿಗೆ ಹಾಕೋ 150 ಎಎಚ್ ಟ್ಯೂಬುಲರ್ ಬ್ಯಾಟರಿ ಎರಡು ಹಾಕೋಣ, ಇಂಡಕ್ಷನ್ ಒಲಿನೂ ನಡೀತತಿ ಅಂತಾನ. ಗಾಡ್ಯಾಗ ಗ್ಯಾಸ್ ಇಟ್ಟರ ಸ್ಫೋಟ ಆಗತೈತಿ ಅಂತ ನಮ್ಮ ಹುಡುಗ ಬ್ಯಾಡ ಅಂತಾನ. ಮ್ಯಾಲೆ 3 ಕಿಲೋವ್ಯಾಟ್ ಸೋಲಾರ್ ಕೂಡಿಸಿದರ ರಾತ್ರಿಯೆಲ್ಲಾ ಎಸಿ ಪುಕ್ಕಟ ಅಂತ ಇನ್ನೊಬ್ಬರು. ಬಡಿಗೇರು ಮಂಚ, ಕಪಾಟ ಎಲ್ಲಾ 18 ಎಂಎಂ ಪ್ಲೈವುಡ್ಡಿನಾಗ ಮಾಡತೇನಿ ಅಂತಾರ. ಯಾರ ಮಾತು ಕೇಳಬೇಕು?"

ಉತ್ತರ: ಫ್ರಿಜ್ ಒಂದು ದಿನವೂ ನಿಲ್ಲಬಾರದು, ದಿನಾ ರೊಟ್ಟಿ ಆಗಬೇಕು, ಮಲಗಿದಾಗ ಭಯ ಇರಬಾರದು. ನಿಮ್ಮ ಚಿಂತೆ ಇಷ್ಟು. ಮೂರೂ ಸಾಧ್ಯ. ಆದರೆ ನಿಮಗೆ ಸಲಹೆ ಕೊಟ್ಟವರೆಲ್ಲ ಯಾವ ಸಾಮಾನು ಕೊಳ್ಳಬೇಕು ಎಂದು ಹೇಳಿದ್ದಾರೆಯೇ ಹೊರತು ದಿನಕ್ಕೆ ಎಷ್ಟು ಕರೆಂಟು ಖರ್ಚಾಗುತ್ತದೆ, ಎಷ್ಟು ವಾಪಸ್ ತುಂಬುತ್ತದೆ ಎಂಬ ಲೆಕ್ಕ ಹಾಕಿಲ್ಲ. ಎರಡು ದಿನದ ಪ್ರವಾಸಕ್ಕೆ ಈ ಲೆಕ್ಕ ಇಲ್ಲದಿದ್ದರೂ ನಡೆಯುತ್ತದೆ. ಐದು ತಿಂಗಳು ಹೊರಗಿರುವವರಿಗೆ ಬ್ಯಾಟರಿಯ ಗಾತ್ರಕ್ಕಿಂತ ದಿನದ ಜಮಾ-ಖರ್ಚು ಸರಿಹೊಂದುವುದು ಮುಖ್ಯ.

ಮೊದಲು ಖರ್ಚು ಬರೆಯೋಣ. ಹೆಸ್ಕಾಂ ಬಿಲ್ಲಿನ ಒಂದು ಯೂನಿಟ್ ಎಂದರೆ 1000 ವ್ಯಾಟ್-ಅವರ್. 12 ವೋಲ್ಟಿನ ಕಂಪ್ರೆಸರ್ ಇರುವ 40-50 ಲೀಟರ್ ಫ್ರಿಜ್ ಓಡುವಾಗ 45-60 ವ್ಯಾಟ್ ಎಳೆಯುತ್ತದೆ. ಅರ್ಧಕ್ಕಿಂತ ಹೆಚ್ಚು ಹೊತ್ತು ನಿಂತಿರುತ್ತದೆ. ಚಳಿಗಾಲದಲ್ಲಿ ದಿನಕ್ಕೆ ಸುಮಾರು 350, ನಮ್ಮೂರಿನ ಮಾರ್ಚ್ ಬಿಸಿಲಿನಲ್ಲಿ 550 ವ್ಯಾಟ್-ಅವರ್ ಬೇಕು. 500 ಎಂದು ಹಿಡಿಯಿರಿ. 20 ವ್ಯಾಟಿನ ಎರಡು ಡಿಸಿ ಫ್ಯಾನ್ ಹತ್ತು ತಾಸು ತಿರುಗಿದರೆ 400. ಎಲ್ಇಡಿ ದೀಪಕ್ಕೆ 100, ಮೊಬೈಲ್ ಚಾರ್ಜಿಗೆ 100, ನೀರಿನ ಪಂಪಿಗೆ 20, ಚಟ್ನಿಗೆ ನಾಲ್ಕು ನಿಮಿಷ ಮಿಕ್ಸಿಗೆ 40. ಕೂಡಿದರೆ 1160. ಇನ್ವರ್ಟರು, ವೈರುಗಳಲ್ಲಿ ಸೋರಿ ಹೋಗುವುದನ್ನು ಸೇರಿಸಿದರೆ ದಿನಕ್ಕೆ 1.3 ಯೂನಿಟ್. ಡಿಸೆಂಬರ್, ಜನವರಿಯಲ್ಲಿ ರಾಜಸ್ಥಾನದ ರಾತ್ರಿಗೆ ಫ್ಯಾನ್ ಬೇಕಾಗುವುದಿಲ್ಲ, ಆಗ ಒಂದು ಯೂನಿಟ್ಟಿನೊಳಗೇ ಮುಗಿಯುತ್ತದೆ.

ಈ ಪಟ್ಟಿಗೆ ಇಂಡಕ್ಷನ್ ಒಲೆ ಸೇರಿಸಿ ನೋಡಿ. ಇಬ್ಬರ ಒಂದು ಹೊತ್ತಿನ ಅಡಿಗೆಗೆ ಮುಕ್ಕಾಲು ತಾಸು, ಸರಾಸರಿ 1200 ವ್ಯಾಟ್ ಎಂದರೂ 900 ವ್ಯಾಟ್-ಅವರ್ ಹೋಯಿತು. ಫ್ರಿಜ್, ಫ್ಯಾನ್ ಎರಡಕ್ಕೂ ಇಡೀ ದಿನಕ್ಕೆ ಬೇಕಾದಷ್ಟನ್ನು ಒಂದೇ ಹೊತ್ತಿನ ಅಡಿಗೆ ತಿಂದುಹಾಕುತ್ತದೆ. ಒಲೆ 2000 ವ್ಯಾಟ್ ಎಳೆದರೆ 12 ವೋಲ್ಟಿನ ಬ್ಯಾಟರಿಯಿಂದ 180 ಆಂಪಿಯರ್ ದಾಟುತ್ತದೆ. ಅದಕ್ಕೆ ಹೆಬ್ಬೆರಳು ದಪ್ಪದ ಕೇಬಲ್ ಬೇಕು. ಮೇಲಾಗಿ ಇಂಡಕ್ಷನ್ ಮೇಲೆ ಹಂಚಿನ ನಡುಭಾಗ ಮಾತ್ರ ಕಾಯುತ್ತದೆ, ಜೋಳದ ರೊಟ್ಟಿಯ ಅಂಚು ಹಸಿ ಉಳಿಯುತ್ತದೆ, ಉಬ್ಬಿಸಲು ಉರಿಯೂ ಇಲ್ಲ. ಹಾಗಾಗಿ ಕಾಯಿಸುವ ಕೆಲಸವನ್ನೆಲ್ಲ ಗ್ಯಾಸಿಗೆ ಬಿಡಿ. ತಂಪು ಮಾಡುವುದು, ತಿರುಗಿಸುವುದು, ಬೆಳಕು ಇವು ಬ್ಯಾಟರಿಗಿರಲಿ. ಇದೊಂದು ನಿರ್ಧಾರದಿಂದ ನಿಮ್ಮ ಅರ್ಧ ತೊಂದರೆ ಮುಗಿಯುತ್ತದೆ.

ಇನ್ನು ಟ್ಯೂಬುಲರ್ ಬ್ಯಾಟರಿಯ ವಿಷಯ. ಮನೆಯಲ್ಲಿ ಅದು ಒಳ್ಳೆಯ ಬ್ಯಾಟರಿಯೇ, ಯಾಕೆಂದರೆ ಕರೆಂಟು ಬಂದಮೇಲೆ ಹತ್ತು-ಹನ್ನೆರಡು ತಾಸು ಚಾರ್ಜಿಗೆ ನಿಂತಿರುತ್ತದೆ. ಟ್ಯೂಬುಲರ್ ಎಂದರೆ ಸೀಸ, ಆಸಿಡ್ಡಿನ ಬ್ಯಾಟರಿ. ಅದು 80 ಪರ್ಸೆಂಟ್‌ವರೆಗೆ ಬೇಗ ತುಂಬಿಕೊಳ್ಳುತ್ತದೆ, ಕೊನೆಯ 20ಕ್ಕೆ ಆಮೆ ನಡಿಗೆ. ಅದಕ್ಕೇ ಐದಾರು ತಾಸು ಬೇಕು. ಗಾಡಿಯಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ. ದಿನಾ ಮುಕ್ಕಾಲು ತುಂಬುವುದು, ರಾತ್ರಿ ಇಳಿಯುವುದು, ಮತ್ತೆ ಮುಕ್ಕಾಲು ತುಂಬುವುದು. ಹೀಗೆ ಪೂರ್ತಿ ತುಂಬದೆ ಉಳಿದ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆ ಭಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಕೆಲವೇ ತಿಂಗಳಲ್ಲಿ 'ಬ್ಯಾಟರಿ ಕಂಪನಿ ಮೋಸ ಮಾಡ್ತು' ಎಂಬ ಮಾತು ಬರುವುದು ಇಲ್ಲಿಂದಲೇ.

ಲೆಕ್ಕವೂ ಕೂಡುವುದಿಲ್ಲ. ಮೇಲೆ ಬರೆದಿರುವ 150 ಎಎಚ್ (ಆಂಪಿಯರ್-ಅವರ್) ಅನ್ನು 12 ವೋಲ್ಟಿನಿಂದ ಗುಣಿಸಿದರೆ ಎರಡಕ್ಕೂ ಸೇರಿ 3600 ವ್ಯಾಟ್-ಅವರ್, ಬಾಳಿಕೆ ಬೇಕೆಂದರೆ ಬಳಸಬಹುದಾದದ್ದು ಅರ್ಧ, 1800. ತೂಕ ಎರಡಕ್ಕೂ ಸೇರಿ 110 ಕೆ.ಜಿ. ಆಸುಪಾಸು. ಚಾರ್ಜ್ ಆಗುವಾಗ ಹೈಡ್ರೋಜನ್, ಆಸಿಡ್ ಆವಿ ಹೊರಬರುತ್ತದೆ, ಅದೇ ಡಬ್ಬಿಯೊಳಗೆ ನೀವು ಮಲಗಿರುತ್ತೀರಿ. ಎತ್ತರದ ಜಾರ್ ಬೇರೆ. ಅರಬೈಲ್ ಘಟ್ಟದಂಥ ತಿರುವಿನಲ್ಲಿ ಆಸಿಡ್ ತುಳುಕುತ್ತದೆ.

ನಿಮಗೆ ಹೊಂದುವುದು ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯವರು ಎಲ್ಎಫ್‌ಪಿ ಅನ್ನುತ್ತಾರೆ. 12.8 ವೋಲ್ಟ್, 100 ಎಎಚ್‌ನ ಎರಡು ಹಾಕಿದರೆ 2560 ವ್ಯಾಟ್-ಅವರ್. 80 ಪರ್ಸೆಂಟ್ ಬಳಸಿದರೂ 2000 ಕೈಗೆ ಸಿಗುತ್ತದೆ. ಒಂದಿಷ್ಟೂ ಬಿಸಿಲು ಬೀಳದೆ, ಗಾಡಿ ಓಡಿಸದೆ ಒಂದೂವರೆ ದಿನ ತಳ್ಳಬಹುದು. ತೂಕ ಎರಡಕ್ಕೂ ಸೇರಿ 25 ಕೆ.ಜಿ.ಯ ಹತ್ತಿರ. ಅರ್ಧ ತುಂಬಿಸಿ ಬಿಟ್ಟರೂ ಇದಕ್ಕೆ ಹಾನಿಯಿಲ್ಲ. ಬೆಲೆ ಹೆಚ್ಚು, ನಿಜ. ಬೆಲೆ ಇಳಿಸಲು ಹಳೇ ಇ-ರಿಕ್ಷಾ, ಸ್ಕೂಟರಿನ ಸೆಲ್ ಬಿಚ್ಚಿ ಕಟ್ಟಿಕೊಟ್ಟ ಪ್ಯಾಕ್ ತರಬೇಡಿ. ಒಳಗೆ ಯಾವ ರಾಸಾಯನಿಕದ ಸೆಲ್ ಇದೆ, ಎಷ್ಟು ಸವೆದಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಹೊಸದನ್ನೂ ಪರೀಕ್ಷಿಸಿಯೇ ತನ್ನಿ: ಪೂರ್ತಿ ಚಾರ್ಜ್ ಮಾಡಿಸಿ, 20 ಆಂಪಿಯರ್ ಲೋಡ್ ಹಾಕಿಸಿದರೆ 100 ಎಎಚ್ ಬ್ಯಾಟರಿ ಐದು ತಾಸಿನ ಹತ್ತಿರ ನಡೆಯಬೇಕು. ನಾಲ್ಕಕ್ಕೇ ನಿಂತರೆ ಬೇರೆ ಕೇಳಿ. ಒಳಗಿನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕಿಟ್) 100 ಆಂಪಿಯರ್ ಸತತ ಕೊಡುವಂಥದ್ದಿರಲಿ. ಇಂಜಿನ್ ಬಿಸಿ ತಾಕುವ ಕಡೆ ಇಡಬಾರದು, 45 ಡಿಗ್ರಿ ಮೀರಿದ ಜಾಗದಲ್ಲಿ ಆಯಸ್ಸು ಬೇಗ ಇಳಿಯುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು ಎಂಬ ನಿಯಮ ಹಿಮಾಚಲಕ್ಕೆ ಹೋಗುವವರಿಗೆ ಮುಖ್ಯ, ನಿಮ್ಮ ದಾರಿಗೆ ಅಷ್ಟಾಗಿ ಅಲ್ಲ. ಈ ಬ್ಯಾಟರಿಯ ವೋಲ್ಟೇಜು ಬಹಳ ಹೊತ್ತು 13.2ರ ಆಸುಪಾಸಿನಲ್ಲೇ ನಿಲ್ಲುವುದರಿಂದ ವೋಲ್ಟ್ ಮೀಟರ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ಶಂಟ್ (ಹರಿಯುವ ಕರೆಂಟನ್ನು ಅಳೆಯುವ ಪಟ್ಟಿ) ಇರುವ ಬ್ಯಾಟರಿ ಮಾನಿಟರ್ ಹಾಕಿಸಿ, ಒಳಗೆ ಹೋದದ್ದು ಹೊರಗೆ ಬಂದದ್ದು ಎರಡನ್ನೂ ಅದು ಎಣಿಸುತ್ತದೆ.

ಈಗ ಜಮಾ. ಗಾಡಿಯ ಆಲ್ಟರ್ನೇಟರಿನಿಂದ (ಇಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಯಂತ್ರ) ಈ ಬ್ಯಾಟರಿಗೆ ನೇರ ವೈರ್ ಎಳೆಯಬೇಡಿ. ಲಿಥಿಯಂ ಸಿಕ್ಕಷ್ಟೂ ಎಳೆಯುತ್ತದೆ. ಇಂಜಿನ್ ನಿಧಾನ ತಿರುಗುವಾಗ ಆಲ್ಟರ್ನೇಟರ್ ಕಾದು ಸುಡುತ್ತದೆ. ನಡುವೆ ಕರೆಂಟಿಗೆ ಮಿತಿ ಹಾಕುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಇರಲಿ. ಅದು ತಾಸಿಗೆ ಸುಮಾರು 400 ವ್ಯಾಟ್-ಅವರ್ ತುಂಬುತ್ತದೆ, ಎರಡು ತಾಸು ಓಡಿಸಿದರೆ ದಿನದ ಖರ್ಚಿನ ಅರ್ಧಕ್ಕಿಂತ ಹೆಚ್ಚು ಬಂತು. ಮೇಲೆ ತಲಾ 200 ವ್ಯಾಟಿನ ಎರಡು ಸೋಲಾರ್ ಫಲಕ, ಫಲಕದಿಂದ ಹೆಚ್ಚು ಕರೆಂಟು ತೆಗೆದು ಬ್ಯಾಟರಿಗೆ ತುಂಬುವ ಎಂಪಿಪಿಟಿ ಕಂಟ್ರೋಲರ್. 400 ವ್ಯಾಟ್ ಎಂದು ಬರೆದಿದ್ದರೂ ಅಷ್ಟು ಸಿಗುವುದಿಲ್ಲ. ಬಿಸಿಲಿನಲ್ಲಿ ಫಲಕ 60-65 ಡಿಗ್ರಿ ಕಾಯುತ್ತದೆ, 25 ಡಿಗ್ರಿ ಮೀರಿದ ಪ್ರತಿ ಡಿಗ್ರಿಗೆ ಸುಮಾರು 0.4 ಪರ್ಸೆಂಟ್ ಇಳಿಕೆ. ಧೂಳು ಬೇರೆ, ಚಪ್ಪಟೆಯಾಗಿ ಮಲಗಿಸಿದ್ದು ಬೇರೆ. ಫೆಬ್ರುವರಿ, ಮಾರ್ಚಿನ ನಮ್ಮ ಬಿಸಿಲಿನಲ್ಲಿ ದಿನಕ್ಕೆ 1400ಕ್ಕೆ ಕಡಿಮೆಯಾಗದು. ಡಿಸೆಂಬರಿನಲ್ಲಿ ಉತ್ತರಕ್ಕೆ ಹೋದಂತೆ ಸೂರ್ಯ ಓರೆಯಾಗಿ ನಿಲ್ಲುವುದರಿಂದ ಮಲಗಿಸಿದ ಫಲಕ 1000-1100ಕ್ಕೆ ಇಳಿಯುತ್ತದೆ. ಆ ಹೊತ್ತಿಗೆ ಫ್ಯಾನ್ ಖರ್ಚೂ ಇಲ್ಲದ್ದರಿಂದ ನಿಮ್ಮ ಲೆಕ್ಕ ಸರಿಹೋಗುತ್ತದೆ. ಆದರೆ ಬೇವಿನ ಮರದ ನೆರಳು ಒಂದು ಫಲಕದ ಮೂಲೆಗೆ ಬಿದ್ದರೂ ಆದಾಯ ಅರ್ಧಕ್ಕೆ ಇಳಿಯಬಹುದು, ಎರಡನ್ನೂ ಸೀರೀಸ್ (ಒಂದರ ಪ್ಲಸ್ ಇನ್ನೊಂದರ ಮೈನಸ್ಸಿಗೆ) ಜೋಡಿಸಿದ್ದರೆ ಇನ್ನೂ ಹೆಚ್ಚು.

3 ಕಿಲೋವ್ಯಾಟ್ ಫಲಕಕ್ಕೆ 14 ಚದರ ಮೀಟರಿಗಿಂತ ಹೆಚ್ಚು ಜಾಗ ಬೇಕು, ನಿಮ್ಮ ಗಾಡಿಯ ನೆತ್ತಿ ಅಷ್ಟಿಲ್ಲ. ಒಂದು ಟನ್ ಎಸಿ ರಾತ್ರಿ ಎಂಟು ತಾಸಿಗೆ ಐದು ಯೂನಿಟ್ ತಿನ್ನುತ್ತದೆ, ಅಂದರೆ ನಿಮ್ಮ ನಾಲ್ಕು ದಿನದ ಒಟ್ಟು ಖರ್ಚು. ಎಸಿ ಬೇಕೇ ಬೇಕೆನ್ನುವ ರಾತ್ರಿ ಲಾಡ್ಜ್ ಹಿಡಿಯುವುದೇ ಅಗ್ಗ. ನೆತ್ತಿಗೆ ಒಂದು 12 ವೋಲ್ಟ್ ಎಕ್ಸಾಸ್ಟ್ ಫ್ಯಾನ್, ಒಳಗಡೆ ತಗಡಿಗೆ ಉಷ್ಣನಿರೋಧಕ ಫೋಮ್ ಹಾಕಿಸಿ. ಹೋಳಿ ಹುಣ್ಣಿಮೆಯೊಳಗೆ ರಾಜಸ್ಥಾನ ಬಿಟ್ಟು ದಕ್ಷಿಣಕ್ಕೆ ತಿರುಗುವಂತೆ ದಾರಿ ಹಾಕಿಕೊಳ್ಳಿ.

ದೂರದ ಪ್ರಯಾಣಿಗರ ದೂರುಗಳಲ್ಲಿ ಹೆಚ್ಚಿನವು ಬ್ಯಾಟರಿಯಿಂದ ಬರುವುದಿಲ್ಲ, ವೈರಿನಿಂದ ಬರುತ್ತವೆ. 'ಬ್ಯಾಟರಿ ಫುಲ್ ಐತಿ, ಆದರೂ ಫ್ರಿಜ್ ಬಂದ್ ಬೀಳತೈತಿ' ಎಂಬುದು ಹಳೇ ದೂರು. ಮನೆ ವೈರಿಂಗ್ ಮಾಡುವವರು ಫ್ರಿಜ್ಜಿಗೆ 1.5 ಚದರ ಮಿ.ಮೀ. ವೈರ್ ಎಳೆಯುತ್ತಾರೆ, 230 ವೋಲ್ಟಿಗೆ ಅದು ಧಾರಾಳ. 12 ವೋಲ್ಟಿನಲ್ಲಿ ಬ್ಯಾಟರಿಯಿಂದ ಫ್ರಿಜ್ಜಿಗೆ 6 ಮೀಟರ್, ಹೋಗಿ ಬರುವುದು 12 ಮೀಟರ್, 5 ಆಂಪಿಯರ್ ಹರಿದರೆ ದಾರಿಯಲ್ಲೇ 0.7 ವೋಲ್ಟ್ ಕರಗುತ್ತದೆ. ಕಂಪ್ರೆಸರ್ ಸ್ಟಾರ್ಟ್ ಆಗುವ ಕ್ಷಣಕ್ಕೆ ಇನ್ನೂ ಹೆಚ್ಚು ಇಳಿಯುತ್ತದೆ. ಫ್ರಿಜ್ಜಿನ ಒಳಗಿನ ರಕ್ಷಣೆ 'ಬ್ಯಾಟರಿ ಇಳಿದಿದೆ' ಎಂದು ತಿಳಿದು ಆಫ್ ಮಾಡುತ್ತದೆ. ಅದೇ ದಾರಿಗೆ 6 ಚದರ ಮಿ.ಮೀ. ತಾಮ್ರದ ವೈರ್ ಹಾಕಿದರೆ ನಷ್ಟ 0.2 ವೋಲ್ಟಿನೊಳಗೆ. ಫ್ರಿಜ್ಜಿಗೆ ಈ ವೈರ್ ಬೇರೆಯಾಗಿಯೇ ಇರಲಿ, ಬೇರೆ ಯಾವುದೂ ಅದಕ್ಕೆ ಜೋಡಿಸಬಾರದು. ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಓಡಿಸಬೇಡಿ. ಗುಂಡಿ ರಸ್ತೆಯಲ್ಲಿ ಪಿನ್ನು ಸಡಿಲವಾಗಿ ಕಾಯುತ್ತದೆ.

ಇನ್ವರ್ಟರ್ 1000 ವ್ಯಾಟಿನ ಪ್ಯೂರ್ ಸೈನ್ ವೇವ್ ಸಾಕು, ಅದೂ ಮಿಕ್ಸಿಗೆ ಮಾತ್ರ; ಕೆಲಸ ಮುಗಿದಮೇಲೆ ಆಫ್ ಮಾಡಿ, ಸುಮ್ಮನೆ ಆನ್ ಇದ್ದರೂ ಅದು ಕರೆಂಟು ತಿನ್ನುತ್ತದೆ. ಅದಕ್ಕೆ 25 ಅಥವಾ 35 ಚದರ ಮಿ.ಮೀ. ಕೇಬಲ್, 125 ಆಂಪಿಯರ್ ಫ್ಯೂಸ್. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ದೂರವಿದ್ದರೆ ನಡುವಿನ ಕೇಬಲ್ ತಗಡಿಗೆ ತಿಕ್ಕಿ ಶಾರ್ಟ್ ಆದಾಗ ಕಾಯುವವರು ಯಾರೂ ಇಲ್ಲ. ಮನೆಯ ಎಂಸಿಬಿ ಹಾಕಿಸಿಕೊಳ್ಳಬೇಡಿ, ಮನೆಯ ಎಸಿ ಕರೆಂಟಿಗೆ ಮಾಡಿದ್ದು ಬ್ಯಾಟರಿಯ ಡಿಸಿ ಕರೆಂಟಿನ ಕಿಡಿಯನ್ನು ಖಾತ್ರಿಯಾಗಿ ಕಡಿಯುವುದಿಲ್ಲ. ಕೇಬಲ್ ತುದಿಯ ಲಗ್‌ಗಳನ್ನು (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಹೈಡ್ರಾಲಿಕ್ ಕ್ರಿಂಪರಿನಿಂದ ಒತ್ತಿಸಿ, ಸುತ್ತಿಗೆಯಿಂದ ಬಡಿದದ್ದು ಬೇಡ. ಎರಡು ಬ್ಯಾಟರಿ ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಇದ್ದಾಗ ಪ್ಲಸ್ಸನ್ನು ಒಂದರಿಂದ, ಮೈನಸ್ಸನ್ನು ಇನ್ನೊಂದರಿಂದ ತೆಗೆದರೆ ಎರಡೂ ಸಮ ದುಡಿಯುತ್ತವೆ.

ಇನ್ಸುಲಿನ್ ಬಗ್ಗೆ ಒಂದು ಮಾತು. ತೆರೆಯದ ಪೆನ್ನು, ಬಾಟಲಿಗಳಿಗೆ 2ರಿಂದ 8 ಡಿಗ್ರಿ ಬೇಕು. ಹೆಪ್ಪುಗಟ್ಟಿದರೆ ಅದು ಕೆಟ್ಟಂತೆಯೇ, ಮತ್ತೆ ಕರಗಿಸಿ ಬಳಸಬಾರದು. ಸಣ್ಣ ಫ್ರಿಜ್ಜಿನ ಗೋಡೆಗೆ ಒತ್ತಿ ಇಟ್ಟದ್ದು ಹೆಪ್ಪುಗಟ್ಟುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ನಡುವೆ ಇಡಿ, ಪಕ್ಕದಲ್ಲಿ ಒಂದು ಥರ್ಮಾಮೀಟರ್ ಇರಲಿ, ಸೆಟ್ಟಿಂಗ್ 5 ಡಿಗ್ರಿ. ಬಳಕೆಯಲ್ಲಿರುವ ಪೆನ್ನು ಎಷ್ಟು ದಿನ ಹೊರಗಿರಬಹುದು ಎಂಬುದು ಅದರ ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನೂ ಕೇಳಿಕೊಳ್ಳಿ.

ಗ್ಯಾಸಿನ ಬಗ್ಗೆ ನಿಮ್ಮ ಮಗನ ಭಯ ಪೂರ್ತಿ ಸುಳ್ಳಲ್ಲ, ಆದರೆ ಕಾರಣ ಬೇರೆ. ಸಿಲಿಂಡರ್ ತಾನಾಗಿ ಸಿಡಿಯುವುದು ಅಪರೂಪ. ಎಲ್‌ಪಿಜಿ ಗಾಳಿಗಿಂತ ಭಾರ. ಸಣ್ಣ ಸೋರಿಕೆಯಾದರೂ ಕೆಳಗಿಳಿದು ನೆಲದ ಮೇಲೆ ಹರಡಿ ನಿಲ್ಲುತ್ತದೆ. ಗಾಳಿಯಲ್ಲಿ ಸುಮಾರು 2 ಪರ್ಸೆಂಟ್ ಸೇರಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಕಿಟಕಿ ತೆರೆದಿದ್ದರೂ ಅದು ಮೇಲೇರಿ ಹೋಗುವುದಿಲ್ಲ. ಫ್ರಿಜ್ಜು, ಪಂಪಿನ ಸ್ವಿಚ್ಚುಗಳಿರುವುದೂ ನೆಲದ ಹತ್ತಿರವೇ, ಕಿಡಿ ಅಲ್ಲೇ.

ಆದ್ದರಿಂದ ಸಿಲಿಂಡರಿಗೆ ಹಿಂದಿನ ಬಾಗಿಲ ಬಳಿ ತಗಡಿನ ಪೆಟ್ಟಿಗೆ ಮಾಡಿಸಿ. ಒಳಮನೆಯ ಕಡೆ ಒಂದು ಸಂದಿಯೂ ಇರಬಾರದು, ತಳಕ್ಕೆ ಮಾತ್ರ ಅಂಗೈ ಅಗಲದ ತೂತು, ಅದು ನೇರ ರಸ್ತೆಯ ಕಡೆ ತೆರೆದಿರಬೇಕು, ಸೈಲೆನ್ಸರಿನಿಂದ ದೂರ. ಸಿಲಿಂಡರ್ ನೆಟ್ಟಗೆ ನಿಂತಿದ್ದು ಬೆಲ್ಟಿನಿಂದ ಬಿಗಿದಿರಲಿ. ಮನೆಯ 14.2 ಕೆ.ಜಿ. ಸಿಲಿಂಡರ್ ಬೇಡ: ತುಂಬಿದ್ದು 30 ಕೆ.ಜಿ. ತೂಗುತ್ತದೆ, ನಿಮ್ಮ ಮನೆ ಕನೆಕ್ಷನ್ನಿನದು, ದಾರಿಯಲ್ಲಿ ರೀಫಿಲ್ ಆಗದು. ಪೆಟ್ರೋಲ್ ಪಂಪು, ಗ್ಯಾಸ್ ಏಜೆನ್ಸಿಗಳಲ್ಲಿ ಗುರುತಿನ ಚೀಟಿ ತೋರಿಸಿದರೆ ಸಿಗುವ 5 ಕೆ.ಜಿ.ಯ ಸಿಲಿಂಡರ್ ನಿಮಗೆ ಸರಿ. ಇಂಡಿಯನ್ ಆಯಿಲ್‌ನವರು ಅದನ್ನು ಛೋಟು ಅನ್ನುತ್ತಾರೆ. ದಿನಕ್ಕೆ 200 ಗ್ರಾಂ ಖರ್ಚಾದರೆ 25 ದಿನ ಬರುತ್ತದೆ. ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ತುಂಬಿಕೊಡುವ ಅಂಗಡಿಗಳಿಗೆ ಹೋಗಲೇಬೇಡಿ, ಅದು ಕಾನೂನುಬಾಹಿರ, ಎಷ್ಟು ತುಂಬಿದರು ಎಂಬ ಅಳತೆಯೂ ಇರುವುದಿಲ್ಲ.

ಐಎಸ್ಐ ಗುರುತಿನ ಕಿತ್ತಳೆ ಬಣ್ಣದ ಸುರಕ್ಷಾ ಪೈಪ್ ಹಾಕಿ, ಕಪಾಟಿನ ಹಿಂದೆ ಮರೆಯಾಗಿ ಎಳೆಯಬೇಡಿ. ಉದ್ದಕ್ಕೂ ಕಣ್ಣಿಗೆ ಕಾಣಬೇಕು. ಗಾಡಿ ಹೊರಡುವ ಮುಂಚೆ ಸಿಲಿಂಡರಿನ ಬಾಯಿಯಲ್ಲೇ ಬಂದ್ ಮಾಡಿ, ಒಲೆಯ ಗುಬ್ಬಿ ಬಂದ್ ಇದ್ದರೆ ಸಾಲದು. ವಾರಕ್ಕೊಮ್ಮೆ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ವಯಸ್ಸಾದಂತೆ ಮೂಗು ಮಂದವಾಗುವುದರಿಂದ ವಾಸನೆಯನ್ನೇ ನಂಬಬಾರದು: ಗ್ಯಾಸ್ ಅಲಾರಂ ನೆಲದಿಂದ ಒಂದು ಗೇಣು ಮೇಲೆ, ಕಾರ್ಬನ್ ಮೊನಾಕ್ಸೈಡ್ (ಒಲೆ, ಇದ್ದಿಲಿನಿಂದ ಬರುವ ವಾಸನೆಯಿಲ್ಲದ ವಿಷಾನಿಲ) ಅಲಾರಂ ಮಲಗಿದಾಗ ತಲೆ ಇರುವ ಎತ್ತರಕ್ಕೆ. ಚಳಿ ಎಂದು ಒಲೆ ಹಚ್ಚಿಕೊಂಡು, ಇದ್ದಿಲ ಶಗಡಿ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳದ ಸುದ್ದಿ ಪ್ರತಿ ಚಳಿಗಾಲ ಬರುತ್ತದೆ. ಕಂಬಳಿ ಹೆಚ್ಚು ಒಯ್ಯಿರಿ. ರೊಟ್ಟಿ ಬಡಿಯುವುದನ್ನು ಹಿಂಬಾಗಿಲು ತೆರೆದು, ಹೊರಗೆಳೆಯುವ ಹಲಗೆಯ ಮೇಲೆ ಮಾಡುವ ಏರ್ಪಾಟಾದರೆ ಎಲ್ಲಕ್ಕಿಂತ ಉತ್ತಮ. ಹೊಗೆ, ಬಿಸಿ, ಹಿಟ್ಟು ಮೂರೂ ಹೊರಗೇ ಉಳಿಯುತ್ತವೆ.

ಬಡಿಗೇರರ 18 ಎಂಎಂ ಪ್ಲೈವುಡ್ ಮನೆಗೆ ಚೆನ್ನ. ಎಂಟಡಿ-ನಾಲ್ಕಡಿಯ ಒಂದು ಹಾಳೆ 33 ಕೆ.ಜಿ. ತೂಗುತ್ತದೆ, 12 ಎಂಎಂನದು 22. ಆರು ಹಾಳೆ ಹಿಡಿದರೆ 66 ಕೆ.ಜಿ. ವ್ಯತ್ಯಾಸ. 12 ಮಂದಿಯ ತೂಕ ಇಳಿದಿದೆಯಲ್ಲ ಎನ್ನಬಹುದು. ಒಟ್ಟು ತೂಕದಲ್ಲಿ ತೊಂದರೆ ಆಗಲಿಕ್ಕಿಲ್ಲ, ತೊಂದರೆ ಹಂಚಿಕೆಯದು. ನೀರಿನ ಟಾಕಿ, ಕಪಾಟು, ಒಲೆ ಎಲ್ಲವೂ ಹಿಂದಿನ ಆಕ್ಸಲ್ಲಿನ (ಗಾಲಿಯ ಅಚ್ಚಿನ) ಆಚೆ ಸೇರಿದರೆ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಎಲ್ಲ ಒಂದೇ ಬದಿಗಾದರೆ ಗಾಡಿ ವಾಲುತ್ತದೆ. ಟಾಕಿ ಆಕ್ಸಲ್ಲಿನ ಮೇಲೆ ಅಥವಾ ಅದರ ಮುಂದೆ, ತಗ್ಗಿನಲ್ಲಿ ಕೂರಲಿ. ಕೆಲಸ ಮುಗಿದಮೇಲೆ ನೀರು, ಡೀಸೆಲ್, ಸಾಮಾನು ತುಂಬಿ, ಅಮರಗೋಳ ಎಪಿಎಂಸಿ ಕಡೆಯ ಯಾವುದಾದರೂ ಕಾಟಾದ ಮೇಲೆ ಮೊದಲು ಮುಂದಿನ ಗಾಲಿ, ಆಮೇಲೆ ಪೂರ್ತಿ ಗಾಡಿ ನಿಲ್ಲಿಸಿ ತೂಗಿಸಿ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕದೊಳಗಿರಬೇಕು. ಟೈರಿನ ಬದಿಯ ನಾಲ್ಕಂಕಿ ನೋಡಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಆರು ವರ್ಷ ದಾಟಿದ್ದರೆ ಗೆರೆ ಚೆನ್ನಾಗಿದ್ದರೂ ಬದಲಿಸಿ.

ನೀರು ಉಳಿಸುವುದನ್ನು ಹುಬ್ಬಳ್ಳಿಯವರಿಗೆ ಹೇಳಿಕೊಡಬೇಕಿಲ್ಲ. ನಳ ದಿನಾ ಬರದ ಊರಿನಲ್ಲಿ ಬಾಳಿದವರು ನೀವು. ಇಬ್ಬರಿಗೆ ದಿನಕ್ಕೆ 25 ಲೀಟರ್, ಸ್ನಾನ ಸೇರಿದರೆ 40. 100 ಲೀಟರ್ ಟಾಕಿ ಸಾಕು. ತಿಂಗಳಿಗೊಮ್ಮೆ 5 ಪರ್ಸೆಂಟ್ ಸೋಡಿಯಂ ಹೈಪೋಕ್ಲೋರೈಟ್ 100 ಎಂ.ಎಲ್. ಹಾಕಿ ಪೂರ್ತಿ ತುಂಬಿ, ನಾಲ್ಕು ತಾಸು ಬಿಟ್ಟು ಚೆಲ್ಲಿ, ಎರಡು ಸಲ ತೊಳೆಯಿರಿ. ಕುಡಿಯುವ ನೀರು ಬೇರೆ ಕ್ಯಾನಿನಲ್ಲಿರಲಿ. ನಮ್ಮ ಮುಂಡರಗಿ, ರೋಣದ ಕಡೆಯಂತೆಯೇ ರಾಜಸ್ಥಾನದ ಬೋರ್ ನೀರಿನಲ್ಲೂ ಫ್ಲೋರೈಡ್ ಹೆಚ್ಚು. ಕುದಿಸಿದರೆ ಅದು ಹೋಗುವುದಿಲ್ಲ, ಕ್ಯಾಂಡಲ್ ಫಿಲ್ಟರಿಗೂ ಸಿಗುವುದಿಲ್ಲ. ಆರ್‌ಒ ಘಟಕದ ನೀರನ್ನೇ ತುಂಬಿಸಿಕೊಳ್ಳಿ.

ಕಾಗದಪತ್ರದ ಕೆಲಸ ಸೀಟು ಬಿಚ್ಚುವುದಕ್ಕೆ ಮುಂಚೆ ಆಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿದೆ. ಸೀಟಿನ ಸಂಖ್ಯೆ ಬದಲಾದರೂ ಅದು ವ್ಯತ್ಯಾಸವೇ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ (ಒಳಗೇ ವಾಸಕ್ಕೆ ಏರ್ಪಾಟಿರುವ ಗಾಡಿ) ಎಂಬ ವರ್ಗ ನಿಯಮದಲ್ಲಿದೆ, ಮೋಟಾರ್ ಕ್ಯಾರವಾನಿಗೆ ಎಐಎಸ್-124 ಎಂಬ ಮಾನದಂಡವೂ ಇದೆ. ನಿಮ್ಮ ಗಾಡಿ ಹಳದಿ ಬೋರ್ಡಿನದಾದರೆ ಮೊದಲು ಬಿಳಿ ಬೋರ್ಡಿಗೆ ತರುವ ಕೆಲಸ ಬೇರೆ ಇದೆ. ಹುಬ್ಬಳ್ಳಿ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ವಿಮಾ ಕಂಪನಿಗೂ ಬರೆದು ತಿಳಿಸಿ. ಇದನ್ನು ಬಿಟ್ಟರೆ ಅಪಘಾತವಾದ ದಿನ ಕ್ಲೇಮ್ ತಿರಸ್ಕಾರವಾಗುವ ಅಪಾಯ ನಿಮ್ಮ ತಲೆಯ ಮೇಲೆ. ಐದು ತಿಂಗಳ ಓಡಾಟಕ್ಕೆ ಬೇರೆ ರಾಜ್ಯದಲ್ಲಿ ಮರುನೋಂದಣಿ ಬೇಕಿಲ್ಲ, ಆ ಮಾತು 12 ತಿಂಗಳು ಮೀರಿದವರಿಗೆ.

ಕೆಲಸದ ಕ್ರಮ ಹೀಗಿರಲಿ: ಅನುಮತಿ, ಆಮೇಲೆ ವೈರಿಂಗು, ಗ್ಯಾಸಿನ ಪೆಟ್ಟಿಗೆ, ಟಾಕಿ. ಗೋಡೆಗಳು ಇನ್ನೂ ಬರಿದಾಗಿರುವಾಗಲೇ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ, ಮನೆಯ ಪ್ಲಗ್ ಮುಟ್ಟದೆ ಮೂರು ದಿನ ಮೂರು ರಾತ್ರಿ ಅದರಲ್ಲೇ ಇರಿ. ಬೆಳಗ್ಗೆ, ಸಂಜೆ ಮಾನಿಟರಿನ ಅಂಕಿ ಬರೆದುಕೊಳ್ಳಿ, ಪ್ರತಿ ಜೋಡಣೆಯನ್ನು ಕೈಯಿಂದ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಬಿಚ್ಚಿ ಮತ್ತೆ ಒತ್ತಿಸಿ. ಆಮೇಲೆ ಯಲ್ಲಾಪುರದವರೆಗೆ ಒಮ್ಮೆ ಓಡಿಸಿಕೊಂಡು ಬಂದು ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿಸಿ. ಬಡಿಗೇರರನ್ನು ಅದಾದ ಮೇಲೆ ಕರೆಯಿರಿ, 12 ಎಂಎಂ ಹಾಳೆಯೊಂದಿಗೆ.